ಜಾವಾದ ಸಬ್‌ಸೆಟ್ ವ್ಯೂ: ಗಡಿ ಎಳೆಯುವ ಮುನ್ನ ತಿಳಿದಿರಬೇಕಾದದ್ದು

ಕೊರಿಯರ್ ಸಂಸ್ಥೆಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಎಂದುಕೊಳ್ಳಿ. ದೇಶದ ಸುಮಾರು 19,000 ಪಿನ್ ಕೋಡ್‌ಗಳು, ಅವುಗಳ ಊರಿನ ಹೆಸರಿನ ಸಮೇತ, ಒಂದು ಟ್ರೀಮ್ಯಾಪ್‌ನಲ್ಲಿವೆ. ಕರ್ನಾಟಕದ ಪಿನ್‌ಗಳನ್ನಷ್ಟೇ ಬೇರೆ ಮಾಡಿಕೊಡಿ ಎಂದು ಮ್ಯಾನೇಜರ್ ಕೇಳುತ್ತಾರೆ. ಈಗಿನ ಅಭ್ಯಾಸಕ್ಕೆ ಕೈ ನೇರವಾಗಿ ಸ್ಟ್ರೀಮ್ ಕಡೆಗೆ ಹೋಗುತ್ತದೆ: ಫಿಲ್ಟರ್ ಹಾಕುವುದು, 560000ದಿಂದ ಆಚೆಗಿನ, 600000 ಮುಟ್ಟದ ಕೀಗಳನ್ನು ಆರಿಸುವುದು, ಹೊಸ ಮ್ಯಾಪ್‌ಗೆ ತುಂಬುವುದು. ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಅದಕ್ಕಾಗಿ ಅಷ್ಟೂ 19,000 ನಮೂದುಗಳನ್ನು ಒಂದೊಂದಾಗಿ ಮುಟ್ಟಿ ನೋಡಿರುತ್ತೇವೆ, ಆರಿಸಿದ್ದನ್ನೆಲ್ಲ ನಕಲು ಮಾಡಿರುತ್ತೇವೆ. ನಾಳೆ ಮೂಲ ಮ್ಯಾಪ್‌ನಲ್ಲಿ ಒಂದು ಊರು ಸೇರಿದರೆ ಆ ನಕಲಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ.

ಟ್ರೀಮ್ಯಾಪ್ ತನ್ನ ಕೀಗಳನ್ನು ಮೊದಲೇ ಕ್ರಮವಾಗಿ ಇಟ್ಟುಕೊಂಡಿರುತ್ತದೆ. ಹಾಗಿರುವಾಗ ಬೇಕಾದದ್ದು ಇಷ್ಟೇ:

ಕರ್ನಾಟಕ = ಪಿನ್‌ಗಳು.ಸಬ್‌ಮ್ಯಾಪ್(560000, 600000);

ಪಿನ್ ಸಂಖ್ಯೆಯ ರಚನೆಯೇ ಇದಕ್ಕೆ ಹೇಳಿ ಮಾಡಿಸಿದಂತಿದೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ವ್ಯವಸ್ಥೆಯಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು 56ರಿಂದ 59ರವರೆಗಿನ ಅಂಕಿಗಳಿಂದ ಶುರುವಾಗುವ ಸಂಖ್ಯೆಗಳು. ಬೆಂಗಳೂರು 560001, ಮೈಸೂರು 570001, ಮಂಗಳೂರು 575001, ಕಲಬುರಗಿ 585101, ಬೆಳಗಾವಿ 590001. ಅದರಾಚೆ 600001 ಎಂದರೆ ಚೆನ್ನೈ. ಎರಡು ಗಡಿ ಹೇಳಿದರೆ ಇಡೀ ರಾಜ್ಯ ಕೈಗೆ ಸಿಗುತ್ತದೆ.

ಆದರೆ ಕೈಗೆ ಸಿಕ್ಕಿದ್ದು ಏನು ಎಂಬುದನ್ನು ಸರಿಯಾಗಿ ಅರಿತುಕೊಳ್ಳದೆ ಈ ಮೆಥಡ್‌ಗಳನ್ನು ಬಳಸಬಾರದು. ಸಬ್‌ಮ್ಯಾಪ್ ಕರೆದಾಗ ಜಾವಾ ಯಾವ ನಮೂದನ್ನೂ ನಕಲು ಮಾಡುವುದಿಲ್ಲ. ಮೂಲ ಮ್ಯಾಪ್‌ನ ವಿಳಾಸ ಮತ್ತು ಎರಡು ಗಡಿಗಳು, ಇಷ್ಟನ್ನು ನೆನಪಿಟ್ಟುಕೊಂಡ ಪುಟ್ಟ ಆಬ್ಜೆಕ್ಟ್ ಒಂದನ್ನು ಕೊಡುತ್ತದೆ. ಇದಕ್ಕೇ ವ್ಯೂ ಎನ್ನುವುದು. ಮೂಲ ಸಂಗ್ರಹದ ಮೇಲೆ ತೆರೆದ ಕಿಟಕಿ ಅದು: ಒಳಗಿನದು ಬದಲಾದರೆ ಕಿಟಕಿಯಲ್ಲಿ ಕಾಣುವುದೂ ಬದಲಾಗುತ್ತದೆ, ಕಿಟಕಿಯಿಂದ ಕೈ ಹಾಕಿ ತೆಗೆದರೆ ಒಳಗಿನದೇ ಹೋಗುತ್ತದೆ.

ಮಾಡಿ ನೋಡಿದರೆ ಇದು ಚೆನ್ನಾಗಿ ಮನದಟ್ಟಾಗುತ್ತದೆ. ಮೇಲಿನ ಸಾಲಿನ ನಂತರ ಕರ್ನಾಟಕ.ಸೈಜ್() ಎಷ್ಟೆಂದು ಪ್ರಿಂಟ್ ಮಾಡಿ. ಆಮೇಲೆ ಮೂಲಕ್ಕೆ ಹೊಸದಾಗಿ ಪಿನ್‌ಗಳು.ಪುಟ್(577201, "ಶಿವಮೊಗ್ಗ") ಎಂದು ಸೇರಿಸಿ ಮತ್ತೆ ಪ್ರಿಂಟ್ ಮಾಡಿ. ಕರ್ನಾಟಕ ಎಂಬ ವೇರಿಯಬಲ್ ಅನ್ನು ನೀವು ಮುಟ್ಟಿಯೇ ಇಲ್ಲ, ಆದರೂ ಸಂಖ್ಯೆ ಒಂದು ಹೆಚ್ಚಾಗಿರುತ್ತದೆ. ಈಗ ಕರ್ನಾಟಕ.ರಿಮೂವ್(577201) ಎನ್ನಿ, ಮೂಲ ಮ್ಯಾಪ್‌ನಿಂದಲೂ ಶಿವಮೊಗ್ಗ ಹೋಗಿರುತ್ತದೆ. ಕೊನೆಗೆ ಕರ್ನಾಟಕ.ಪುಟ್(600001, "ಚೆನ್ನೈ") ಎಂದು ಬರೆದರೆ ಇಲ್ಲೀಗಲ್‌ಆರ್ಗ್ಯುಮೆಂಟ್‌ಎಕ್ಸೆಪ್ಷನ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಗಡಿಯಾಚೆಯದನ್ನು ವ್ಯೂ ಸೇರಿಸಿಕೊಳ್ಳುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಗಡಿಯಾಚೆಯದನ್ನು ಸೇರಿಸಲು ಹೋದರೆ ಮಾತ್ರ ಎಕ್ಸೆಪ್ಷನ್. ಕರ್ನಾಟಕ.ಗೆಟ್(600001) ಎಂದು ಕೇಳಿದರೆ ಸದ್ದಿಲ್ಲದೆ ನಲ್ ಬರುತ್ತದೆ, ಕಂಟೇನ್ಸ್‌ಕೀ ಎಂದರೆ ಫಾಲ್ಸ್, ರಿಮೂವ್ ಎಂದರೆ ಏನೂ ಆಗುವುದಿಲ್ಲ. ಮೂಲ ಮ್ಯಾಪ್‌ನಲ್ಲಿ ಚೆನ್ನೈ ಇದ್ದರೂ ಅಷ್ಟೇ. ಹಾಗಾಗಿ ತಪ್ಪು ಗಡಿ ಹಾಕಿಕೊಂಡ ಕೋಡ್ ಓದುವಾಗ ಬಾಯಿ ಬಿಡುವುದೇ ಇಲ್ಲ, ಬರೆಯುವಾಗ ಮಾತ್ರ ಕೂಗುತ್ತದೆ. ಟೆಸ್ಟ್ ಬರೆಯುವವರು ಎರಡೂ ಬಗೆಯನ್ನು ಪರೀಕ್ಷಿಸುವುದು ಒಳ್ಳೆಯದು.

ಗಡಿ ಇರುವುದು ಮೌಲ್ಯಗಳ ನಡುವೆ

560000 ಎಂಬ ಪಿನ್ ಮ್ಯಾಪ್‌ನಲ್ಲಿ ಇರಲೇಬೇಕೆಂದೇನಿಲ್ಲ. 600000 ಕೂಡ ಬೇಕಿಲ್ಲ. ಸಾರ್ಟೆಡ್ ಸಂಗ್ರಹದ ವ್ಯೂನ ಗಡಿಗಳು ಸಂಗ್ರಹದೊಳಗಿನ ಯಾವುದೋ ಎರಡು ನಮೂದುಗಳಿಗೆ ಕಟ್ಟಿಹಾಕಿದವಲ್ಲ. ಮೌಲ್ಯಗಳ ಸಾಲಿನಲ್ಲಿ ಗುರುತು ಹಾಕಿದ ಎರಡು ಸ್ಥಾನಗಳು. ಇಡೀ ವಿಷಯದ ತಿರುಳು ಇದು. ಮೂಲದಲ್ಲಿ ಎಷ್ಟೇ ಸೇರಿಸಿ, ತೆಗೆದು ಮಾಡಿದರೂ ವ್ಯೂ ಕೆಡದೆ ಉಳಿಯುವುದು ಇದರಿಂದಲೇ.

ಅರೇಲಿಸ್ಟ್‌ನ ಸಬ್‌ಲಿಸ್ಟ್ ಜೊತೆ ಹೋಲಿಸಿ ನೋಡಿ. ಅದೂ ವ್ಯೂ ಹೌದು, ಆದರೆ ಅದರ ಗಡಿಗಳು ಎಷ್ಟನೆಯ ಸ್ಥಾನದಿಂದ ಎಷ್ಟನೆಯ ಸ್ಥಾನದವರೆಗೆ ಎಂಬ ಲೆಕ್ಕ. ಮೂಲ ಲಿಸ್ಟ್‌ನ ಆರಂಭಕ್ಕೆ ಒಂದು ಸೇರಿದರೆ ಲೆಕ್ಕವೆಲ್ಲ ಜರುಗುತ್ತದೆ. ಅದಕ್ಕೇ ಮೂಲ ಅರೇಲಿಸ್ಟ್‌ಗೆ ನೇರವಾಗಿ ಏನನ್ನಾದರೂ ಸೇರಿಸಿದ ಮೇಲೆ ಹಳೆಯ ಸಬ್‌ಲಿಸ್ಟ್ ಮುಟ್ಟಿದರೆ ಕಾನ್‌ಕರೆಂಟ್‌ಮಾಡಿಫಿಕೇಷನ್‌ಎಕ್ಸೆಪ್ಷನ್ ಬರುತ್ತದೆ. ಲಿಸ್ಟ್‌ನಲ್ಲಿ ಈ ಪೆಟ್ಟು ತಿಂದವರು ಟ್ರೀಸೆಟ್‌ನ ವ್ಯೂಗಳ ಬಗ್ಗೆಯೂ ಅನುಮಾನ ಪಡುತ್ತಾರೆ, ಪ್ರತಿ ಸಲ ಹೊಸದಾಗಿ ತೆಗೆದುಕೊಳ್ಳುತ್ತಾರೆ. ಅದರ ಅಗತ್ಯವಿಲ್ಲ. ಸಬ್‌ಸೆಟ್ ಅನ್ನು ಒಮ್ಮೆ ತೆಗೆದು ಫೀಲ್ಡ್‌ನಲ್ಲಿ ಇಟ್ಟುಕೊಂಡು ದಿನವಿಡೀ ಬಳಸಬಹುದು.

ಸಾರ್ಟೆಡ್‌ಸೆಟ್, ಸಾರ್ಟೆಡ್‌ಮ್ಯಾಪ್ ಇಂಟರ್‌ಫೇಸ್‌ಗಳು 1998ರಲ್ಲಿ ಜೆಡಿಕೆ 1.2ರ ಜೊತೆ ಬಂದವು, ಜೋಶುವಾ ಬ್ಲಾಕ್ ರೂಪಿಸಿದ ಕಲೆಕ್ಷನ್ಸ್ ಫ್ರೇಮ್‌ವರ್ಕ್‌ನ ಭಾಗವಾಗಿ. ಆಗ ಇದ್ದದ್ದು ಮೂರೇ ಬಗೆ: ಎರಡೂ ಗಡಿ ಹೇಳುವ ಸಬ್‌ಸೆಟ್, ಮೇಲಿನ ಗಡಿ ಮಾತ್ರ ಹೇಳುವ ಹೆಡ್‌ಸೆಟ್, ಕೆಳಗಿನ ಗಡಿ ಮಾತ್ರ ಹೇಳುವ ಟೇಲ್‌ಸೆಟ್. ಮೂರಕ್ಕೂ ನಿಯಮ ಒಂದೇ: ಕೆಳಗಿನ ಗಡಿ ಒಳಗೆ, ಮೇಲಿನ ಗಡಿ ಹೊರಗೆ. 2006ರಲ್ಲಿ ಜಾವಾ 6 ಬಂದಾಗ ಡಗ್ ಲೀ ಮತ್ತು ಬ್ಲಾಕ್ ಸೇರಿ ನ್ಯಾವಿಗೇಬಲ್‌ಸೆಟ್, ನ್ಯಾವಿಗೇಬಲ್‌ಮ್ಯಾಪ್‌ಗಳನ್ನು ತಂದರು. ಪ್ರತಿ ಗಡಿಯೂ ಒಳಗಿರಬೇಕೋ ಹೊರಗಿರಬೇಕೋ ಎಂದು ಟ್ರೂ, ಫಾಲ್ಸ್ ಮೂಲಕ ಹೇಳುವ ಅನುಕೂಲ ಆಗ ಸಿಕ್ಕಿತು.

ಅನುಕೂಲ ಸಿಕ್ಕಿತೆಂದು ಎಲ್ಲೆಡೆ ಟ್ರೂ, ಟ್ರೂ ಎಂದು ಬರೆಯುವ ರೂಢಿ ಕೆಲವರಲ್ಲಿದೆ. ಕೆಳಗಿನದು ಒಳಗೆ, ಮೇಲಿನದು ಹೊರಗೆ ಎಂಬ ಹಳೆಯ ನಿಯಮವೇ ಹೆಚ್ಚಿನ ಕೆಲಸಕ್ಕೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. 560000ದಿಂದ 570000, 570000ದಿಂದ 580000 ಎಂದು ಸಾಲಾಗಿ ಕತ್ತರಿಸುತ್ತಾ ಹೋದರೆ ಯಾವ ಪಿನ್ನೂ ಎರಡು ಕಡೆ ಸೇರುವುದಿಲ್ಲ, ಯಾವುದೂ ನಡುವೆ ಬಿಟ್ಟುಹೋಗುವುದಿಲ್ಲ. ದಿನಾಂಕಗಳಲ್ಲಿ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 2024ರ ಫೆಬ್ರವರಿಯ ವಹಿವಾಟು ಬೇಕೆಂದರೆ ಫೆಬ್ರವರಿ 1ರಿಂದ ಮಾರ್ಚ್ 1ರವರೆಗೆ ಎಂದು ಸಬ್‌ಮ್ಯಾಪ್ ತೆಗೆದರೆ ಮುಗಿಯಿತು. ಆ ವರ್ಷ 28 ದಿನವೋ 29 ದಿನವೋ ಎಂದು ಯೋಚಿಸಬೇಕಾಗಿಯೇ ಇಲ್ಲ. ಕೀ ಲೋಕಲ್‌ಡೇಟ್‌ಟೈಮ್ ಆಗಿದ್ದರೆ 'ರಾತ್ರಿ 23:59:59ರವರೆಗೆ, ಅದೂ ಸೇರಿ' ಎಂದು ಬರೆಯುವವರಿದ್ದಾರೆ. ಆ ಕೊನೆಯ ಸೆಕೆಂಡ್ ಶುರುವಾದ ಮೇಲೆ ಅರ್ಧ ಸೆಕೆಂಡಿಗೆ ದಾಖಲಾದ ವಹಿವಾಟು ಆಗ ಯಾವ ದಿನದ ಲೆಕ್ಕಕ್ಕೂ ಸಿಗದೆ ತಪ್ಪಿಹೋಗುತ್ತದೆ. ಮರುದಿನದ 00:00ರವರೆಗೆ, ಅದನ್ನು ಬಿಟ್ಟು ಎಂದರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಮೇಲಿನ ಗಡಿಯೂ ಒಳಗೆ ಬೇಕಾಗುವ ಸಂದರ್ಭಗಳು ಇಲ್ಲವೆಂದಲ್ಲ. ಇಂಟೀಜರ್‌ನ ಅತಿ ದೊಡ್ಡ ಸಂಖ್ಯೆ ಸಹ ಸೇರಬೇಕೆಂದರೆ ಅದಕ್ಕಿಂತ ಒಂದು ಹೆಚ್ಚು ಬರೆಯಲು ಆಗುವುದಿಲ್ಲ. ಅಲ್ಲಿ ಟೇಲ್‌ಸೆಟ್ ಅಥವಾ ಟ್ರೂ ಬೇಕೇ ಬೇಕು.

ಕೆಳಗಿನ ಗಡಿ ಮೇಲಿನದಕ್ಕಿಂತ ದೊಡ್ಡದಾದರೆ ಕೂಡಲೇ ಎಕ್ಸೆಪ್ಷನ್. ಎರಡೂ ಒಂದೇ ಆದರೆ ಖಾಲಿ ವ್ಯೂ. ವ್ಯೂ ಮೇಲೆ ಮತ್ತೊಂದು ವ್ಯೂ ತೆಗೆಯಬಹುದು, ಆದರೆ ಒಳಗಿನದರ ಗಡಿ ಹೊರಗಿನದನ್ನು ಮೀರುವಂತಿಲ್ಲ. ಕರ್ನಾಟಕ.ಟೇಲ್‌ಮ್ಯಾಪ್(500000) ಎಂದರೆ 'ಹೇಗೂ 560000ದಿಂದ ಶುರುವಾಗುತ್ತದಲ್ಲ' ಎಂದು ಜಾವಾ ಹೊಂದಿಸಿಕೊಳ್ಳುವುದಿಲ್ಲ, ಎಕ್ಸೆಪ್ಷನ್ ಎಸೆಯುತ್ತದೆ. ಬಳಕೆದಾರರು ಟೈಪ್ ಮಾಡಿದ ಗಡಿಯನ್ನು ನೇರವಾಗಿ ವ್ಯೂಗೆ ಕೊಡುವ ಪ್ರೋಗ್ರಾಂಗಳು ಕುಸಿಯುವುದು ಹೆಚ್ಚಾಗಿ ಇಲ್ಲಿಯೇ. ಕೊಡುವ ಮೊದಲು ಗಡಿಯನ್ನು ಪರೀಕ್ಷಿಸಿ ಒಳಕ್ಕೆ ತಂದುಕೊಳ್ಳಿ.

ಕನ್ನಡ ಪದಗಳ ಪಟ್ಟಿಯಲ್ಲಿ

ಸ್ಟ್ರಿಂಗ್‌ಗಳ ವಿಷಯಕ್ಕೆ ಬಂದಾಗ ನಮ್ಮ ಭಾಷೆಯಲ್ಲಿ ಕೆಲಸ ಮಾಡುವವರು ಸ್ವಲ್ಪ ನಿಂತು ನೋಡಬೇಕು. ಊರಿನ ಹೆಸರು ಟೈಪ್ ಮಾಡುತ್ತಿದ್ದಂತೆ ಸಲಹೆ ತೋರಿಸುವ ಸರ್ಚ್ ಬಾಕ್ಸ್ ಬೇಕು ಎಂದುಕೊಳ್ಳಿ. ಊರುಗಳೆಲ್ಲ ಒಂದು ಟ್ರೀಸೆಟ್‌ನಲ್ಲಿವೆ. ಊರುಗಳು.ಸಬ್‌ಸೆಟ್("ಮ", "ಯ") ಎಂದರೆ ಮಂಗಳೂರು, ಮಂಡ್ಯ, ಮಡಿಕೇರಿ, ಮೈಸೂರು ಹೀಗೆ ಮಕಾರದ ಊರುಗಳೆಲ್ಲ ಸಿಗುತ್ತವೆ. ಯೂನಿಕೋಡ್‌ನಲ್ಲಿ ಮಕಾರದ ಮುಂದಿನ ಸಂಕೇತ ಯಕಾರದ್ದು; ಕಾಗುಣಿತದ ಚಿಹ್ನೆಗಳು ವ್ಯಂಜನದ ನಂತರ ಬೇರೆ ಸಂಕೇತಗಳಾಗಿ ಬರುವುದರಿಂದ ಮಾ, ಮಿ, ಮೈ ಎಲ್ಲವೂ ಮಕಾರದ ಅಡಿಯಲ್ಲೇ ಉಳಿಯುತ್ತವೆ. ಇನ್ನೂ ಕಿರಿದು ಮಾಡಿ ಸಬ್‌ಸೆಟ್("ಬೆ", "ಬೇ") ಎಂದರೆ ಬೆಂಗಳೂರು, ಬೆಳಗಾವಿ ಬರುತ್ತವೆ, ಬೇಲೂರು ಬರುವುದಿಲ್ಲ. ಯಾವ ಮುನ್ನೊಟ್ಟಿಗೂ ಸಲ್ಲುವ ಸಾಮಾನ್ಯ ಉಪಾಯವೊಂದಿದೆ: ಕೆಳಗಿನ ಗಡಿಗೆ ಟೈಪ್ ಮಾಡಿದಷ್ಟು ಭಾಗ, ಮೇಲಿನ ಗಡಿಗೆ ಅದೇ ಭಾಗದ ತುದಿಗೆ ಕ್ಯಾರೆಕ್ಟರ್.ಮ್ಯಾಕ್ಸ್_ವ್ಯಾಲ್ಯೂ ಸೇರಿಸಿದ್ದು.

ಆದರೆ ಬೇಲೂರು ಒಮ್ಮೊಮ್ಮೆ ಬೆಕಾರದ ಪಟ್ಟಿಯಲ್ಲಿ ನುಸುಳಿಬಿಡುತ್ತದೆ. ಕಾರಣ ಇದು. ಯೂನಿಕೋಡ್‌ನಲ್ಲಿ ಏತ್ವದ ದೀರ್ಘ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವದ ಚಿಹ್ನೆ ಮತ್ತು ದೀರ್ಘದ ಗುರುತು ಎಂದು ಎರಡು ಸಂಕೇತಗಳಾಗಿ ಒಡೆದೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಸ್ಟ್ರಿಂಗ್‌ಗಳನ್ನು ಸಂಕೇತದಿಂದ ಸಂಕೇತಕ್ಕೆ ಹೋಲಿಸುವ ಜಾವಾದ ಕಣ್ಣಿಗೆ ಒಡೆದು ಬರೆದ ಬೇಲೂರು ಬೆಕಾರದಿಂದಲೇ ಶುರುವಾಗುತ್ತದೆ. ಈತ್ವ, ಐತ್ವ, ಒತ್ವ, ಓತ್ವಗಳಿಗೂ ಇದೇ ಮಾತು. ಹಲವು ಮೂಲಗಳಿಂದ ಹೆಸರುಗಳನ್ನು ಒಟ್ಟು ಮಾಡುವ ಪ್ರೋಗ್ರಾಂ ಆದರೆ, ಸೆಟ್‌ಗೆ ಹಾಕುವ ಮುನ್ನ ಪ್ರತಿ ಹೆಸರನ್ನೂ ಜಾವಾದ ನಾರ್ಮಲೈಜರ್‌ನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಡೆದ ಸಂಕೇತಗಳನ್ನು ಕೂಡಿಸಿದ ರೂಪಕ್ಕೆ ತನ್ನಿ. ಹುಡುಕುವ ಪದವನ್ನೂ ಅದೇ ರೂಪಕ್ಕೆ ತರಬೇಕು. ಇಷ್ಟು ಮಾಡದ ಕನ್ನಡ ಸರ್ಚ್ ನಂಬಲರ್ಹವಲ್ಲ.

ಇನ್ನೊಂದು, ಳಕಾರದ್ದು. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಲಕಾರಕ್ಕೂ ವಕಾರಕ್ಕೂ ನಡುವೆ ಕೂತಿದೆ. ನಿಘಂಟಿನ ಕ್ರಮದಲ್ಲಿ ಕವನದ ನಂತರ ಕಳಸ. ಟ್ರೀಸೆಟ್‌ನ ಸಹಜ ಕ್ರಮದಲ್ಲಿ ಕಳಸದ ನಂತರ ಕವನ. 'ಕವ'ದಿಂದ 'ಖ'ವರೆಗೆ ಎಂದು ವ್ಯೂ ತೆಗೆದು ನಿಘಂಟಿನ ಪುಟ ತೋರಿಸಲು ಹೊರಟರೆ ಕಳಸ, ಕಳವಳ ಎರಡೂ ಕಾಣೆ. ನಿಘಂಟಿನ ಕ್ರಮವೇ ಬೇಕೆಂದರೆ ಆ ಕ್ರಮ ತಿಳಿದ ಕಂಪ್ಯಾರೇಟರ್ ಅನ್ನು ಸೆಟ್ ಕಟ್ಟುವಾಗಲೇ ಕೊಡಬೇಕು. ಹಾಗೆ ಕೊಟ್ಟ ಮೇಲೆ ಗಡಿಗಳನ್ನು ಅಳೆಯುವುದೂ ಆ ಕಂಪ್ಯಾರೇಟರೇ ಎಂಬುದನ್ನು ಮರೆಯಬೇಡಿ. ಮೇಲೆ ಹೇಳಿದ ಮ್ಯಾಕ್ಸ್_ವ್ಯಾಲ್ಯೂ ಉಪಾಯ ಸಂಕೇತಗಳ ಸಹಜ ಕ್ರಮಕ್ಕಷ್ಟೇ ಸಲ್ಲುತ್ತದೆ, ಬೇರೆ ಕಂಪ್ಯಾರೇಟರ್ ಇದ್ದಾಗ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಎರಡು ಅಂಶಗಳ ಕೀ

ಕೊರಿಯರ್ ಉದಾಹರಣೆಗೇ ಮರಳೋಣ. ಈಗ ಸೆಟ್‌ನಲ್ಲಿರುವುದು ಪಾರ್ಸೆಲ್‌ಗಳು. ಪಾರ್ಸೆಲ್ ಎಂಬ ರೆಕಾರ್ಡ್‌ನಲ್ಲಿ ಪಿನ್ ಮತ್ತು ಕನ್‌ಸೈನ್‌ಮೆಂಟ್ ನಂಬರ್ ಇವೆ. ಪಿನ್ ಪ್ರಕಾರ ಜೋಡಿಸಿದರೆ ಸಾಕಲ್ಲ ಎಂದು ಪಿನ್ ಒಂದನ್ನೇ ನೋಡುವ ಕಂಪ್ಯಾರೇಟರ್ ಕೊಟ್ಟರೆ ಅನಾಹುತ: ಮೈಸೂರಿನ 570001ಕ್ಕೆ ಹೋಗುವ ಎರಡನೆಯ ಪಾರ್ಸೆಲ್ ಸೆಟ್‌ಗೆ ಸೇರುವುದೇ ಇಲ್ಲ. ಕಂಪ್ಯಾರೇಟರ್ ಸೊನ್ನೆ ಕೊಟ್ಟ ಎರಡು ಆಬ್ಜೆಕ್ಟ್‌ಗಳು ಟ್ರೀಸೆಟ್‌ನ ಮಟ್ಟಿಗೆ ಒಂದೇ. ಈಕ್ವಲ್ಸ್ ಏನು ಹೇಳುತ್ತದೆ ಎಂದು ಅದು ಕೇಳುವುದೂ ಇಲ್ಲ. ಆದ್ದರಿಂದ ಮೊದಲು ಪಿನ್, ಅದು ಸಮವಾದರೆ ಕನ್‌ಸೈನ್‌ಮೆಂಟ್ ನಂಬರ್ ಎಂದು ಎರಡು ಹಂತದ ಕಂಪ್ಯಾರೇಟರ್ ಬೇಕು.

ಆಗ 570001ರ ಪಾರ್ಸೆಲ್‌ಗಳನ್ನಷ್ಟೇ ತೆಗೆಯುವುದು ಹೇಗೆ? ಗಡಿಯಾಗಿ ಕೊಡಬೇಕಾದದ್ದು ಪಾರ್ಸೆಲ್ ಆಬ್ಜೆಕ್ಟ್, ಬರೀ ಪಿನ್ ಅಲ್ಲ. ಗಡಿ ಸೆಟ್‌ನೊಳಗೆ ಇರಬೇಕಿಲ್ಲ ಎಂಬ ಮಾತು ಕೈ ಹಿಡಿಯುವುದು ಇಲ್ಲಿ. ನಿಜವಾದ ಪಾರ್ಸೆಲ್ ಅಲ್ಲದ, ಗಡಿಗೆಂದೇ ಮಾಡಿದ ಎರಡು ಆಬ್ಜೆಕ್ಟ್ ಕಟ್ಟಿಕೊಳ್ಳಿ:

ಪಾರ್ಸೆಲ್‌ಗಳು.ಸಬ್‌ಸೆಟ್(ನ್ಯೂ ಪಾರ್ಸೆಲ್(570001, ""), ನ್ಯೂ ಪಾರ್ಸೆಲ್(570002, ""));

ಖಾಲಿ ಸ್ಟ್ರಿಂಗ್ ಎಲ್ಲ ಸ್ಟ್ರಿಂಗ್‌ಗಳಿಗಿಂತ ಚಿಕ್ಕದು. ಹಾಗಾಗಿ ಮೊದಲನೆಯದು 570001ರ ಎಲ್ಲ ಪಾರ್ಸೆಲ್‌ಗಳಿಗೂ ಮುಂಚೆ, ಎರಡನೆಯದು 570002ರ ಎಲ್ಲ ಪಾರ್ಸೆಲ್‌ಗಳಿಗೂ ಮುಂಚೆ ನಿಲ್ಲುತ್ತದೆ. ನಡುವೆ ಸಿಗುವುದು ನಮಗೆ ಬೇಕಾದದ್ದು ಮಾತ್ರ. ನಂಬರ್ ಇಂಟೀಜರ್ ಆಗಿದ್ದರೆ ಖಾಲಿ ಸ್ಟ್ರಿಂಗ್ ಬದಲಿಗೆ ಇಂಟೀಜರ್.ಮಿನ್_ವ್ಯಾಲ್ಯೂ. ಈ ತಂತ್ರ ಗೊತ್ತಿಲ್ಲದೆ ಎಷ್ಟೋ ಜನ ಮ್ಯಾಪ್‌ನೊಳಗೆ ಲಿಸ್ಟ್, ಲಿಸ್ಟ್‌ನೊಳಗೆ ಮತ್ತೊಂದು ಮ್ಯಾಪ್ ಎಂದು ಕಟ್ಟಿಕೊಂಡು ಒದ್ದಾಡುತ್ತಾರೆ.

ಜೋಡಣೆಗೆ ಬಳಸಿದ ಫೀಲ್ಡ್‌ಗಳನ್ನು ಸೆಟ್‌ಗೆ ಹಾಕಿದ ಮೇಲೆ ಬದಲಿಸಲೇಬಾರದು. ಪಿನ್ ಬದಲಾದರೆ ಆಬ್ಜೆಕ್ಟ್ ಮರದಲ್ಲಿ ಹಳೆಯ ಜಾಗದಲ್ಲೇ ಇರುತ್ತದೆ. ಆಮೇಲೆ ಯಾವ ವ್ಯೂನ ಉತ್ತರವನ್ನೂ ನಂಬುವಂತಿಲ್ಲ. ಕ್ಲಾಸ್ ಬದಲು ರೆಕಾರ್ಡ್, ಹಳೆಯ ಡೇಟ್ ಬದಲು ಲೋಕಲ್‌ಡೇಟ್ ಬಳಸಿ ಎಂದು ಹೇಳುವುದು ಈ ಕಾರಣಕ್ಕೂ ಹೌದು.

ಯಾವುದು ಅಗ್ಗ, ಯಾವುದು ದುಬಾರಿ

ಟ್ರೀಮ್ಯಾಪ್‌ನ ಒಳಗಿರುವುದು ರೆಡ್-ಬ್ಲ್ಯಾಕ್ ಮರ. 19,000 ಪಿನ್‌ಗಳಲ್ಲಿ ಒಂದನ್ನು ಹುಡುಕಲು ಹೆಚ್ಚೂಕಡಿಮೆ ಹದಿನೈದು ಹೋಲಿಕೆ ಸಾಕು. ವ್ಯೂ ತೆಗೆಯುವುದಕ್ಕಂತೂ ಖರ್ಚೇ ಇಲ್ಲ ಎನ್ನಬೇಕು. ವ್ಯೂ ಮೇಲೆ ಲೂಪ್ ಹಾಕಿದಾಗ ಮೊದಲ ನಮೂದು ಹುಡುಕಲು ಆ ಹದಿನೈದು ಹೋಲಿಕೆ, ಆಮೇಲೆ ಒಂದರ ನಂತರ ಒಂದು. ಗಡಿಯಾಚೆ ಇರುವುದನ್ನು ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಸೈಜ್ ಮಾತ್ರ ಮೋಸ ಮಾಡುತ್ತದೆ. ಇಡೀ ಟ್ರೀಮ್ಯಾಪ್‌ನ ಸೈಜ್ ಕೇಳಿದರೆ ಸಿದ್ಧ ಉತ್ತರ ಇರುತ್ತದೆ. ವ್ಯೂನ ಸೈಜ್ ಕೇಳಿದರೆ ಗಡಿಯೊಳಗಿನ ನಮೂದುಗಳನ್ನು ಒಂದೊಂದಾಗಿ ಎಣಿಸಬೇಕು. ಓಪನ್‌ಜೆಡಿಕೆಯಲ್ಲಿ ಎಣಿಸಿದ್ದನ್ನು ಆ ವ್ಯೂ ನೆನಪಿಟ್ಟುಕೊಳ್ಳುತ್ತದೆ, ಆದರೆ ಮೂಲದಲ್ಲಿ ಒಂದು ಸೇರಿದರೂ ಮತ್ತೆ ಮೊದಲಿನಿಂದ ಎಣಿಕೆ. 'ಈ ಅಂಕಕ್ಕಿಂತ ಕಡಿಮೆ ಪಡೆದವರು ಎಷ್ಟು ಮಂದಿ' ಎಂದು ಹೆಡ್‌ಸೆಟ್(ಅಂಕ).ಸೈಜ್() ಬರೆಯುವುದು ನೋಡಲು ಅಂದವಾಗಿದೆ. ಒಂದು ಸಲಕ್ಕೆ ಪರವಾಗಿಲ್ಲ. ಒಂದು ಲಕ್ಷ ನಮೂದುಗಳ ಸೆಟ್‌ನಲ್ಲಿ ಪ್ರತಿಯೊಬ್ಬರಿಗೂ ಹೀಗೆ ರ‍್ಯಾಂಕ್ ಹುಡುಕಲು ಹೋದರೆ ಸುಮಾರು 500 ಕೋಟಿ ಹೆಜ್ಜೆ ಆಗುತ್ತದೆ. ಕೋಡಿಂಗ್ ಸ್ಪರ್ಧೆಗಳಲ್ಲಿ ಸಮಯ ಮೀರಿ ಹೊರಬೀಳುವವರಲ್ಲಿ ಈ ಸಾಲು ಬರೆದವರು ಸಾಕಷ್ಟು ಮಂದಿ ಇರುತ್ತಾರೆ. ಸೆಟ್ ಬದಲಾಗುತ್ತಿಲ್ಲವಾದರೆ ಒಮ್ಮೆ ಸಾಲಾಗಿ ನಡೆದು ರ‍್ಯಾಂಕ್ ಬರೆದಿಡಿ; ಬದಲಾಗುತ್ತಿದ್ದರೆ ಫೆನ್‌ವಿಕ್ ಟ್ರೀ ಇದಕ್ಕೆ ತಕ್ಕದ್ದು.

ಖಾಲಿಯೋ ಅಲ್ಲವೋ ಎಂದಷ್ಟೇ ತಿಳಿಯಬೇಕಾದರೆ ಸೈಜ್ ಸೊನ್ನೆಯೇ ಎಂದು ನೋಡಬೇಡಿ, ಇಸ್‌ಎಂಪ್ಟಿ ಎಂದು ಕೇಳಿ. ಅದು ಮೊದಲ ನಮೂದು ಇದೆಯೇ ಎಂದು ನೋಡಿ ನಿಲ್ಲುತ್ತದೆ. ಹಾಗೆಯೇ, ಒಂದು ಕೀಗಿಂತ ಹಿಂದಿನದು ಯಾವುದು ಎಂದು ತಿಳಿಯಲು ಹೆಡ್‌ಮ್ಯಾಪ್(ಕೀ).ಲಾಸ್ಟ್‌ಕೀ() ಎಂದು ಬರೆದ ಹಳೆಯ ಕೋಡ್ ಈಗಲೂ ಅಲ್ಲಲ್ಲಿ ಸಿಗುತ್ತದೆ. ಜಾವಾ 6ಕ್ಕೆ ಮುಂಚೆ ಬೇರೆ ದಾರಿ ಇರಲಿಲ್ಲ. ಹಿಂದೆ ಏನೂ ಇಲ್ಲದಿದ್ದರೆ ಅದು ನೋಸಚ್‌ಎಲಿಮೆಂಟ್‌ಎಕ್ಸೆಪ್ಷನ್ ಎಸೆಯುತ್ತದೆ. ಈಗ ಲೋವರ್‌ಕೀ ಇದೆ, ಇಲ್ಲದಿದ್ದರೆ ನಲ್ ಕೊಡುತ್ತದೆ. ಸಿಕ್ಕಲ್ಲೆಲ್ಲ ಬದಲಿಸಿ.

ಅಳಿಸುವ ಕೆಲಸದಲ್ಲಿ ವ್ಯೂಗೆ ಸಾಟಿಯಿಲ್ಲ. ಲಾಗಿನ್ ಸೆಷನ್‌ಗಳು ಅವಧಿ ಮುಗಿಯುವ ಹೊತ್ತಿನ ಪ್ರಕಾರ ಮ್ಯಾಪ್‌ನಲ್ಲಿದ್ದರೆ, ಅವಧಿ ಮುಗಿದವನ್ನೆಲ್ಲ ತೆಗೆಯಲು

ಸೆಷನ್‌ಗಳು.ಹೆಡ್‌ಮ್ಯಾಪ್(ಈಗ).ಕ್ಲಿಯರ್();

ಇಷ್ಟು ಸಾಕು. ಇಟರೇಟರ್ ಬೇಡ, ಷರತ್ತು ಬೇಡ, ಓದಿದವರಿಗೆ ಉದ್ದೇಶ ಒಂದೇ ನೋಟಕ್ಕೆ ತಿಳಿಯುತ್ತದೆ. ಗಡಿಯೊಳಗೆ ಕೆಲವನ್ನೇ ಆರಿಸಿ ತೆಗೆಯಬೇಕಾದರೆ ಕರ್ನಾಟಕ.ವ್ಯಾಲ್ಯೂಸ್().ರಿಮೂವ್‌ಇಫ್ ಎಂದು ಷರತ್ತು ಕೊಡಿ. ಉಳಿದ ರಾಜ್ಯಗಳ ಪಿನ್‌ಗಳಿಗೆ ಯಾವ ಅಪಾಯವೂ ಇಲ್ಲ.

ಲೂಪ್ ನಡೆಯುತ್ತಿರುವಾಗ ಸೇರಿಸುವುದು, ಅಳಿಸುವುದು ಮಾಡುವಾಗ ಮಾತ್ರ ಎಚ್ಚರ. ಕರ್ನಾಟಕದ ವ್ಯೂ ಮೇಲೆ ಲೂಪ್ ನಡೆಯುತ್ತಿರುವಾಗ ಮೂಲ ಮ್ಯಾಪ್‌ಗೆ ಹೊಸದಾಗಿ 600001 ಸೇರಿಸಿದಿರಿ ಎನ್ನಿ. ಅದು ವ್ಯೂನ ಗಡಿಯಾಚೆಯದು, ತೊಂದರೆಯಿಲ್ಲ ಎನಿಸುತ್ತದೆ. ಆದರೂ ಲೂಪ್‌ನ ಮುಂದಿನ ಸುತ್ತಿನಲ್ಲಿ ಕಾನ್‌ಕರೆಂಟ್‌ಮಾಡಿಫಿಕೇಷನ್‌ಎಕ್ಸೆಪ್ಷನ್ ಬರುತ್ತದೆ. ಬದಲಾವಣೆಯ ಲೆಕ್ಕ ಇಡುವುದು ಇಡೀ ಮರಕ್ಕೆ ಸೇರಿ, ಗಡಿಗೊಂದರಂತೆ ಅಲ್ಲ. ಇದ್ದ ಕೀಗೇ ಹೊಸ ಮೌಲ್ಯ ಕೊಡುವುದಾದರೆ ಆ ಎಕ್ಸೆಪ್ಷನ್ ಬರುವುದಿಲ್ಲ.

ಬೇರೆಯವರ ಕೈಗೆ ಕೊಡುವಾಗ

ಕೋಡ್ ರಿವ್ಯೂ ಮಾಡುವವರು ಕಣ್ಣಿಡಬೇಕಾದ ಜಾಗ ಇದು. ಒಂದು ಕ್ಲಾಸ್‌ನೊಳಗೆ ಖಾಸಗಿಯಾಗಿರುವ ಟ್ರೀಸೆಟ್‌ನಿಂದ ಹೆಡ್‌ಸೆಟ್ ತೆಗೆದು ಮೆಥಡ್ ಅದನ್ನು ರಿಟರ್ನ್ ಮಾಡುತ್ತದೆ. ತೆಗೆದುಕೊಂಡವರು ತಮ್ಮದೇ ಪಟ್ಟಿ ಎಂದು ತಿಳಿದು ಕೆಲಸ ಮುಗಿದ ಮೇಲೆ ಕ್ಲಿಯರ್ ಮಾಡುತ್ತಾರೆ. ಖಾಸಗಿ ಸೆಟ್‌ನ ಅರ್ಧ ಭಾಗ ಅಳಿಸಿಹೋಗುತ್ತದೆ, ಯಾವ ಎಕ್ಸೆಪ್ಷನ್ ಕೂಡ ಬರುವುದಿಲ್ಲ. ಡೀಬಗರ್ ತೆರೆದು ನೋಡಿದರೂ ಸುಳಿವು ಸುಲಭಕ್ಕೆ ಸಿಗದು: ಟ್ರೀಸೆಟ್‌ನಿಂದ ತೆಗೆದ ಸಬ್‌ಸೆಟ್‌ನ ಕ್ಲಾಸ್ ಯಾವುದು ಎಂದು ಕೇಳಿದರೆ ಟ್ರೀಸೆಟ್ ಎಂದೇ ಉತ್ತರ ಬರುತ್ತದೆ. ವ್ಯೂ ಎಂಬ ಗುರುತಿರುವುದು ಅದರೊಳಗಿನ ಮ್ಯಾಪ್‌ನಲ್ಲಿ.

ಓದಲಷ್ಟೇ ಕೊಡುವುದಾದರೆ ಕಲೆಕ್ಷನ್ಸ್.ಅನ್‌ಮಾಡಿಫೈಯಬಲ್‌ಸಾರ್ಟೆಡ್‌ಸೆಟ್ ಹೊದಿಸಿ ಕೊಡಿ. ಜಾವಾ 8ರಿಂದ ನ್ಯಾವಿಗೇಬಲ್‌ಸೆಟ್‌ಗೂ ಅಂಥದ್ದಿದೆ. ಪಡೆದವರು ಬದಲಿಸಲಾರರು, ಆದರೆ ಮೂಲದಲ್ಲಿ ಆದ ಬದಲಾವಣೆ ಅವರಿಗೆ ಕಾಣುತ್ತಲೇ ಇರುತ್ತದೆ. ಆ ಕ್ಷಣದ ಸ್ಥಿತಿಯೇ ಬೇಕೆಂದರೆ ಹೊಸ ಟ್ರೀಸೆಟ್ ಕಟ್ಟಿ ನಕಲು ಕೊಡಿ. ನಕಲು ಮಾಡುವಾಗ ವೇರಿಯಬಲ್‌ನ ಟೈಪ್ ಸಾರ್ಟೆಡ್‌ಸೆಟ್ ಆಗಿದ್ದರೆ ಕಂಪ್ಯಾರೇಟರ್ ಜೊತೆಗೇ ಬರುತ್ತದೆ. ಅದೇ ವ್ಯೂ ಅನ್ನು ಕಲೆಕ್ಷನ್ ಟೈಪ್‌ನ ವೇರಿಯಬಲ್‌ನಲ್ಲಿ ಇಟ್ಟುಕೊಂಡಿದ್ದರೆ ಬೇರೆ ಕನ್‌ಸ್ಟ್ರಕ್ಟರ್ ಆಯ್ಕೆಯಾಗಿ ಸಹಜ ಕ್ರಮಕ್ಕೆ ಜಾರುತ್ತದೆ. ಸೆಟ್.ಕಾಪಿಆಫ್ ಬಳಸಿದರೆ ಕ್ರಮವೇ ಉಳಿಯುವ ಭರವಸೆಯಿಲ್ಲ. ಸಾಲಾಗಿ ಓದಲಷ್ಟೇ ಬೇಕಾದರೆ ಲಿಸ್ಟ್.ಕಾಪಿಆಫ್ ಸಾಕು, ಕ್ರಮವನ್ನು ಅದು ಕಾಪಾಡುತ್ತದೆ.

ನಕಲು ಮಾಡಲೇಬೇಕಾದ ಇನ್ನೂ ಎರಡು ಸಂದರ್ಭಗಳಿವೆ. ಹತ್ತು ನಮೂದುಗಳ ವ್ಯೂ ಒಂದನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡರೆ ಅದರ ಹಿಂದಿರುವ ಲಕ್ಷಾಂತರ ನಮೂದುಗಳ ಮ್ಯಾಪ್ ಸಹ ಮೆಮೊರಿಯಲ್ಲಿ ಉಳಿಯುತ್ತದೆ, ಗಾರ್ಬೇಜ್ ಕಲೆಕ್ಟರ್ ಅದನ್ನು ಮುಟ್ಟುವುದಿಲ್ಲ. ಟ್ರೀಮ್ಯಾಪ್‌ನ ವ್ಯೂ ಅನ್ನು ಸೀರಿಯಲೈಜ್ ಮಾಡಿ ಫೈಲ್‌ಗೆ ಬರೆದರೂ ಹೀಗೆಯೇ, ಇಡೀ ಮೂಲ ಮ್ಯಾಪ್ ಜೊತೆಯಲ್ಲಿ ಹೋಗುತ್ತದೆ. ಒಂದು ಜಿಲ್ಲೆಯ ಮಾಹಿತಿ ಕಳಿಸಲು ಹೋಗಿ ದೇಶದ ಮಾಹಿತಿಯನ್ನೆಲ್ಲ ಕಳಿಸಿದಂತಾಗಬಾರದು.

ಹಲವು ಥ್ರೆಡ್‌ಗಳು ಒಂದೇ ಸೆಟ್ ಬಳಸುವಾಗ ಕಲೆಕ್ಷನ್ಸ್.ಸಿಂಕ್ರೊನೈಸ್ಡ್‌ಸಾರ್ಟೆಡ್‌ಸೆಟ್ ಹೊದಿಸುವುದುಂಟು. ಅದರಿಂದ ತೆಗೆದ ವ್ಯೂ ಮೇಲೆ ಲೂಪ್ ಹಾಕುವ ಮುನ್ನ ಲಾಕ್ ಹಿಡಿಯಬೇಕಾದದ್ದು ಮೂಲ ಸೆಟ್ ಮೇಲೆ, ವ್ಯೂ ಮೇಲಲ್ಲ. ಜಾವಾದ ದಾಖಲೆಯಲ್ಲೇ ಇದನ್ನು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಒತ್ತಿ ಹೇಳಿದ್ದಾರೆ. ಹೊಸದಾಗಿ ಬರೆಯುವ ಕೋಡ್ ಆದರೆ ಕಾನ್‌ಕರೆಂಟ್‌ಸ್ಕಿಪ್‌ಲಿಸ್ಟ್‌ಮ್ಯಾಪ್ ಇರಲಿ. ವ್ಯೂಗಳ ಮೆಥಡ್‌ಗಳೆಲ್ಲ ಅಲ್ಲೂ ಇವೆ, ಲೂಪ್ ನಡುವೆ ಬೇರೆ ಥ್ರೆಡ್ ಬದಲಿಸಿದರೆ ಎಕ್ಸೆಪ್ಷನ್ ಬರುವುದಿಲ್ಲ. ಅಲ್ಲಿನ ವ್ಯೂನ ಸೈಜ್ ಮಾತ್ರ ಯಾವಾಗಲೂ ಎಣಿಸಿಯೇ ತಿಳಿಯಬೇಕು, ಎಣಿಸುತ್ತಿರುವಾಗಲೇ ಬದಲಾದರೆ ಸಂಖ್ಯೆ ನಿಖರವಲ್ಲ.

ಕೊನೆಯದಾಗಿ ಹಿಮ್ಮುಖ ವ್ಯೂ. ಡಿಸೆಂಡಿಂಗ್‌ಮ್ಯಾಪ್ ಕೂಡ ನಕಲಲ್ಲ, ವ್ಯೂ. 2023ರಲ್ಲಿ ಬಂದ ಜಾವಾ 21ರಿಂದ ರಿವರ್ಸ್ಡ್ ಎಂಬ ಹೆಸರಿನಲ್ಲೂ ಅದು ಸಿಗುತ್ತದೆ. ಅದರ ಮೇಲೆ ಸಬ್‌ಮ್ಯಾಪ್ ತೆಗೆಯುವಾಗ ದೊಡ್ಡ ಗಡಿ ಮೊದಲು, ಚಿಕ್ಕದು ಆಮೇಲೆ. ಒಳಗೆ, ಹೊರಗೆ ಎಂಬುದೂ ತಿರುಗುತ್ತದೆ: ಡಿಸೆಂಡಿಂಗ್‌ಮ್ಯಾಪ್().ಸಬ್‌ಮ್ಯಾಪ್(600000, 560000) ಎಂದರೆ 600000 ಒಳಗೆ, 560000 ಹೊರಗೆ. ಗೊಂದಲ ಬೇಡವೆಂದರೆ ಮೊದಲು ನೇರ ಕ್ರಮದಲ್ಲಿ ಗಡಿ ಹಾಕಿ, ಸಿಕ್ಕ ವ್ಯೂ ಅನ್ನು ಆಮೇಲೆ ತಿರುಗಿಸಿ.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಸಬ್‌ಸೆಟ್, ಹೆಡ್‌ಸೆಟ್, ಟೇಲ್‌ಸೆಟ್, ಸಬ್‌ಮ್ಯಾಪ್ ಇವುಗಳನ್ನು ರಿಟರ್ನ್ ಮಾಡುವ ಮೆಥಡ್‌ಗಳನ್ನು ಒಮ್ಮೆ ಹುಡುಕಿ. ಪ್ರತಿಯೊಂದರ ಜಾವಾಡಾಕ್‌ನಲ್ಲೂ ಕೊಡುತ್ತಿರುವುದು ವ್ಯೂ ಅಥವಾ ನಕಲು ಎಂದು ಒಂದು ಸಾಲು ಬರೆಯಿರಿ. ಮುಂದೆ ಆ ಕೋಡ್ ಓದುವವರಿಗೆ ಅಷ್ಟು ಸಾಕು.